ತಮಿಳು ರ‍್ಯಾಪರ್ ಅರಿವು ಅವರ ಹಾಡು ಬಂಗಾರಪೇಟೆ ವೇದಿಕೆಗೆ ಬೇಕಾ, ಬೇಡವಾ?

ಬೇತಮಂಗಲದ ಹುಡುಗ:
ಎಲ್ಲರಿಗೂ ಜೈ ಭೀಮ್. ಏಪ್ರಿಲ್ 14ರ ಸಂಜೆ ಬಂಗಾರಪೇಟೆಯಲ್ಲಿ ನಾವು ಕೆಲವರು ಸೇರಿ ಹಾಡಿನ ಕಾರ್ಯಕ್ರಮ ಮಾಡುತ್ತಿದ್ದೇವೆ. ಟಿಕೆಟ್ ಇಲ್ಲ, ದೊಡ್ಡ ಕಲಾವಿದರೂ ಇಲ್ಲ. ನಮ್ಮ ಹುಡುಗ ಹುಡುಗಿಯರೇ ಹಾಡುತ್ತಾರೆ. ಪಟ್ಟಿಯಲ್ಲಿ ಸಿದ್ದಲಿಂಗಯ್ಯನವರ ಹಾಡುಗಳಿವೆ, ಕೋಟಿಗಾನಹಳ್ಳಿ ರಾಮಯ್ಯನವರದ್ದಿವೆ, ಗದ್ದರ್ ಅವರ ತೆಲುಗು ಹಾಡುಗಳಿವೆ. ಇಲ್ಲಿಯವರೆಗೆ ಎಲ್ಲ ಸರಿ ಇತ್ತು.

ಕೆಜಿಎಫ್‌ನಿಂದ ಬರುವ ಒಬ್ಬ ಹುಡುಗಿ ಅರಿವು ಅವರ ‘ಎಂಜಾಯ್ ಎಂಜಾಮಿ’ ಹಾಡ್ತೀನಿ ಅಂದಳು. ಅಲ್ಲಿಂದ ಶುರುವಾಯಿತು. ಒಬ್ಬರು ‘ಕರ್ನಾಟಕದಲ್ಲಿ ತಮಿಳು ಹಾಡು ಯಾಕೆ’ ಅಂದರು. ಇನ್ನೊಬ್ಬರು ‘ಅದು ರೀಲ್ಸ್‌ಗೆ ಕುಣಿಯೋ ಹಾಡು, ಹೋರಾಟದ ಹಾಡಲ್ಲ’ ಅಂದರು. ನನಗೆ ಹಾಡು ಇಷ್ಟ, ಆದರೆ ಅವರ ಮುಂದೆ ವಾದ ಮಾಡುವಷ್ಟು ವಿಷಯ ಗೊತ್ತಿಲ್ಲ. ಗೊತ್ತಿರುವವರು ಬರೆಯಿರಿ.

ಮಾರಿಕುಪ್ಪಂ ಪ್ಯಾಸೆಂಜರ್:
ಆ ಹುಡುಗಿ ಯಾರೋ ಗೊತ್ತಿಲ್ಲ ತಮ್ಮ, ಅವಳ ಪರವಾಗಿ ನಾನು ಬರೆಯುತ್ತೇನೆ.

ಅರಿವು ಅರಕ್ಕೋಣಂನವರು. ನಮ್ಮ ಬಂಗಾರಪೇಟೆಯಿಂದ ಜೋಲಾರಪೇಟೆ, ಕಾಟ್ಪಾಡಿ ದಾಟಿದರೆ ಅದೇ ಲೈನಿನಲ್ಲಿ ಸಿಗುವ ಊರು. ತಾವೇ ಬರೆದು ತಾವೇ ಹಾಡುತ್ತಾರೆ. ನಿರ್ದೇಶಕ ಪಾ. ರಂಜಿತ್ ಮತ್ತು ಸಂಗೀತಗಾರ ಟೆನ್ಮಾ ಸೇರಿ ಕಟ್ಟಿದ ‘ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ತಂಡದಲ್ಲಿ ಮೊದಲು ಹೆಸರಾದರು. ಆ ತಂಡದ ಮೊದಲ ಕಾರ್ಯಕ್ರಮ ಚೆನ್ನೈಯಲ್ಲಿ 2018ರ ಜನವರಿಯಲ್ಲಿ ನಡೆಯಿತು. ಚೆನ್ನೈ ಕೇರಿಗಳ ಗಾನಾ ಹಾಡು, ಪರೈ ಅನ್ನುವ ಚರ್ಮವಾದ್ಯ, ರ‍್ಯಾಪ್, ರಾಕ್ ಎಲ್ಲ ಒಂದೇ ವೇದಿಕೆಯಲ್ಲಿ. 2019ರಲ್ಲಿ ಸಂಗೀತಗಾರ ಆಫ್ರೋ ಜೊತೆ ‘ತೆರುಕ್ಕುರಳ್’ ಆಲ್ಬಂ ಬಂತು. ಅದರಲ್ಲಿ 2018ರಲ್ಲಿ ತೂತ್ತುಕುಡಿಯಲ್ಲಿ ತಾಮ್ರದ ಕಾರ್ಖಾನೆ ವಿರುದ್ಧ ಹೋರಾಡುತ್ತಿದ್ದವರ ಮೇಲೆ ನಡೆದ ಗೋಲಿಬಾರಿನಲ್ಲಿ ಸತ್ತ ಹುಡುಗಿ ಸ್ನೋಲಿನ್ ಬಗ್ಗೆಯೂ ಹಾಡಿದೆ. ರೀಲ್ಸ್ ಅನ್ನುವವರು ಅದನ್ನು ಒಮ್ಮೆ ಕೇಳಲಿ.

‘ಎಂಜಾಯ್ ಎಂಜಾಮಿ’ ಬಂದದ್ದು 2021ರ ಮಾರ್ಚ್‌ನಲ್ಲಿ. ಅದರ ಬೇರು ಅವರ ಅಜ್ಜಿ ವಳ್ಳಿಯಮ್ಮಾಳ್. ಶ್ರೀಲಂಕಾದ ಟೀ ತೋಟದಲ್ಲಿ ದುಡಿದು, ಕೈಯಲ್ಲಿ ತುಂಡು ನೆಲವೂ ಇಲ್ಲದೆ ಇತ್ತ ವಾಪಸ್ ಬಂದವರು. ಗಿಡ ನೆಟ್ಟವರು ಅವರು, ತೋಟ ಇನ್ಯಾರದ್ದೋ. ಹಾಡಿನ ಕಥೆ ಇಷ್ಟೇ. ಸಾವಿನ ಮನೆಯಲ್ಲಿ ಹೆಂಗಸರು ರಾಗ ತೆಗೆದು ಅಳುವ ಒಪ್ಪಾರಿ ಅದರೊಳಗೆ ಇದೆ. ಕುಣಿಯುವವರು ಕುಣಿಯಲಿ, ನನಗೆ ಮಾತ್ರ ಅದು ಅಳುವ ಹಾಡು.

ಇನ್ನು ‘ತಮಿಳು ಹಾಡು ಯಾಕೆ’ ಅಂದವರಿಗೆ. ನಮ್ಮ ತಾತಂದಿರು ಉತ್ತರ ಆರ್ಕಾಟಿನಿಂದ ಬಂದು ಜಾನ್ ಟೇಲರ್ ಕಂಪನಿಯ ಗಣಿಗೆ ಇಳಿದವರು. ಮೂರು ಕಿಲೋಮೀಟರಿಗಿಂತ ಆಳಕ್ಕೆ. ಅವರಲ್ಲಿ ಹೆಚ್ಚಿನವರು ದಲಿತರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಈಗ ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ, ಕಂಪನಿ ಕೆಲಸಕ್ಕೆ ಹೋಗುತ್ತೇವೆ. ನಾವು ಕೋಲಾರದವರು. ಮನೆಯಲ್ಲಿ ತಮಿಳು ಮಾತಾಡುತ್ತೇವೆ. ಇದರಲ್ಲಿ ಅರ್ಥ ಆಗದ್ದು ಏನಿದೆ?

ಗೌರಿಬಿದನೂರು 561:
ಅಕ್ಕ, ಬೇಜಾರು ಮಾಡ್ಕೋಬೇಡಿ. ಕನ್ನಡದಲ್ಲೇ ಬೇಕಾದಷ್ಟು ಹಾಡುಗಳಿವೆ, ಅವನ್ನೇ ಜನ ಮರೆಯುತ್ತಿದ್ದಾರೆ. ಇರುವುದು ಒಂದು ಸಂಜೆ. ಅದರಲ್ಲಿ ಜಾಗ ಕೊಡುವಾಗ ನಮ್ಮ ಭಾಷೆಗೆ ಮೊದಲು ಕೊಡಬೇಕು ಅನ್ನುವುದು ದ್ವೇಷ ಅಲ್ಲ.

ಮುಳಬಾಗಿಲು ಮೇಷ್ಟ್ರು:
ಗೌರಿಬಿದನೂರಿನವರೇ, ನಿಮ್ಮ ಮಾತಿನಲ್ಲಿ ನ್ಯಾಯ ಇದೆ. ಆದರೆ ಒಂದು ಗಮನಿಸಿ. ಪಟ್ಟಿಯಲ್ಲಿ ಗದ್ದರ್ ಇದ್ದಾರೆ. ತೆಲುಗು ಹಾಡಿಗೆ ಯಾರೂ ತಕರಾರು ಮಾಡಲಿಲ್ಲ. ಯಾಕೆಂದರೆ ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ, ಚಿಂತಾಮಣಿ ಕಡೆ ಎಷ್ಟೋ ಮನೆಗಳಲ್ಲಿ ತೆಲುಗೇ ಮಾತು. ಅದು ನಮಗೆ ಪರಭಾಷೆ ಅಂತ ಅನಿಸುವುದೇ ಇಲ್ಲ. ತಮಿಳು ಅಂದ ಕೂಡಲೇ ಮಾತ್ರ ಕಾವೇರಿ ನೆನಪಾಗುತ್ತದೆ. ಮಾಸ್ತಿಯವರ ಮನೆಮಾತು ತಮಿಳು. ಮಾಲೂರಿನ ಕಡೆಯವರು. ಅವರನ್ನು ನಾವು ಕನ್ನಡದ ಆಸ್ತಿ ಅನ್ನುತ್ತೇವೆ. ಅಯ್ಯಂಗಾರರ ತಮಿಳಿಗೆ ಇಲ್ಲದ ತಕರಾರು ಗಣಿ ಕಾರ್ಮಿಕರ ತಮಿಳಿಗೆ ಯಾಕೆ ಬರುತ್ತದೆ ಅಂತ ನಾನು ಕೇಳಿದರೆ ನೀವು ಕೋಪ ಮಾಡಿಕೊಳ್ಳಬಾರದು.

ನಮ್ಮ ಜಿಲ್ಲೆಯ ಹಾಡಿನ ಬಗ್ಗೆ ಎರಡು ಮಾತು. 1975ರಲ್ಲಿ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದ ಮೇಲೆ ದಲಿತ ಸಂಘರ್ಷ ಸಮಿತಿಯ ಸಭೆ ಅಂದರೆ ಮೊದಲು ಹಾಡು, ಆಮೇಲೆ ಭಾಷಣ. ಕೋಲಾರದಲ್ಲಿ ಆ ಕಾಲದಲ್ಲಿ ಬೆಳೆದವರು ಕೋಟಿಗಾನಹಳ್ಳಿ ರಾಮಯ್ಯ. ಹಾಡು, ನಾಟಕ ಎರಡೂ ಬರೆದರು. ಮುಂದೆ ಗೆಳೆಯರ ಜೊತೆ ತೇರಹಳ್ಳಿ ಬೆಟ್ಟದಲ್ಲಿ ‘ಆದಿಮ’ ಸಾಂಸ್ಕೃತಿಕ ಕೇಂದ್ರ ಕಟ್ಟಿದರು. ಅಲ್ಲಿ ಹುಣ್ಣಿಮೆ ರಾತ್ರಿ ನಡೆಯುವ ‘ಹುಣ್ಣಿಮೆ ಹಾಡು’ ನೋಡದವರು ಒಮ್ಮೆ ಹೋಗಿ. ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಇಬ್ಬರೂ ಇದೇ ನೆಲದ ದನಿಗಳು. ಇಬ್ಬರೂ ಜಾನಪದ ಅಕಾಡೆಮಿಯ ಅಧ್ಯಕ್ಷರಾದವರು. ಹಾಗಾಗಿ ಅರಿವು ಇಲ್ಲಿಗೆ ಹೊಸ ಜಾತಿಯ ಹಾಡುಗಾರ ಅಲ್ಲ. ಮೈಕು, ಬೀಟು ಹೊಸದು ಅಷ್ಟೇ.

ಶಿಡ್ಲಘಟ್ಟ ಗೂಡು:
ಮೇಷ್ಟ್ರೇ, ಮೈಕು ಬೀಟು ಅಷ್ಟೇ ಅಂದುಬಿಟ್ಟಿರಲ್ಲ, ನನಗೆ ಇರುವ ಅನುಮಾನವೇ ಅದು. ಕೋಟಿಗಟ್ಟಲೆ ವ್ಯೂಸ್ ಬಂದ ಹಾಡು. ಐಟಿ ಕಂಪನಿಯ ಪಾರ್ಟಿಯಲ್ಲಿ ಹಾಕುತ್ತಾರೆ, ಮದುವೆ ರಿಸೆಪ್ಷನ್ನಿನಲ್ಲಿ ಹಾಕುತ್ತಾರೆ. ಅಲ್ಲಿ ಕುಣಿದವರಲ್ಲಿ ಒಬ್ಬರಾದರೂ ‘ಭೂಮಿ ಯಾರದ್ದು’ ಅಂತ ಕೇಳಿದ್ದಾರಾ? ಎಲ್ಲರಿಗೂ ಇಷ್ಟವಾಗುವ ಹಾಡು ಯಾರಿಗೂ ಚುಚ್ಚುವುದಿಲ್ಲ.

ನಮ್ಮ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ತಮಟೆಗೆ ಪದ್ಮಶ್ರೀ! ನಾವು ಎಷ್ಟು ಖುಷಿ ಪಟ್ಟೆವು ಅಂತ ಹೇಳಲಾರೆ. ಆದರೆ ತಮಟೆ ಬಾರಿಸುವವರನ್ನು ಜಾತ್ರೆಯಲ್ಲಿ ಎಲ್ಲಿ ನಿಲ್ಲಿಸುತ್ತಾರೆ, ಊಟ ಎಲ್ಲಿ ಹಾಕುತ್ತಾರೆ ಅನ್ನುವುದು ಎಷ್ಟು ಊರಿನಲ್ಲಿ ಬದಲಾಗಿದೆ? ನನಗೆ ಹಿಟ್ ಆಗುವುದರ ಮೇಲೆ, ಪ್ರಶಸ್ತಿ ಮೇಲೆ ಅಷ್ಟೊಂದು ನಂಬಿಕೆ ಇಲ್ಲ.

ಮಾರಿಕುಪ್ಪಂ ಪ್ಯಾಸೆಂಜರ್:
ಅಣ್ಣ, ಹಿಟ್ ಆದ ಮೇಲೆ ಏನಾಯಿತು ಅಂತ ಕೇಳಿ. ನಿಮ್ಮ ಅನುಮಾನಕ್ಕೆ ಅಲ್ಲೇ ಉತ್ತರ ಇದೆ.

2021ರ ಆಗಸ್ಟ್‌ನಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾ ಪತ್ರಿಕೆ ಮುಖಪುಟದಲ್ಲಿ, ಈ ಹಾಡನ್ನು ಅರಿವು ಜೊತೆ ಹಾಡಿದ ಗಾಯಕಿ ದೀ ಮತ್ತು ರ‍್ಯಾಪರ್ ಶಾನ್ ವಿನ್ಸೆಂಟ್ ಡಿ ಪಾಲ್ ಅವರ ಚಿತ್ರ ಹಾಕಿತು. ಕಾರಣವಾಗಿ ಹೇಳಿದ್ದು ಎರಡು ಹಾಡು, ‘ಎಂಜಾಯ್ ಎಂಜಾಮಿ’ ಮತ್ತು ‘ನೀಯೇ ಒಳಿ’. ಎರಡಕ್ಕೂ ಸಾಹಿತ್ಯ ಅರಿವು ಅವರದ್ದು. ಮುಖಪುಟದಲ್ಲಿ ಅವರೇ ಇಲ್ಲ. ಪಾ. ರಂಜಿತ್ ಬಹಿರಂಗವಾಗಿ ಕೇಳಿದ ಮೇಲೆ ಡಿಜಿಟಲ್ ಮುಖಪುಟ ಅಂತ ಬೇರೆ ಮಾಡಿದರು. 2022ರ ಜುಲೈಯಲ್ಲಿ ಚೆನ್ನೈಯ ಚೆಸ್ ಒಲಿಂಪಿಯಾಡ್ ಉದ್ಘಾಟನೆಯಲ್ಲಿ ‘ಎಂಜಾಯ್ ಎಂಜಾಮಿ’ ಹಾಡಿದರು. ಅಲ್ಲೂ ಅರಿವು ಇಲ್ಲ. ಆಮೇಲೆ ಅವರು ತಾನೇ ಈ ಹಾಡು ಕಟ್ಟಿದ್ದು, ಬರೆದದ್ದು, ಹಾಡಿದ್ದು ಅಂತ ಬಹಿರಂಗವಾಗಿ ಬರೆದರು. ಈ ಹಾಡಿನ ಸಂಗೀತಗಾರ ಸಂತೋಷ್ ನಾರಾಯಣನ್ ಮತ್ತು ದೀ ಇಬ್ಬರೂ ಇದು ಮೂವರ ಕೆಲಸ, ನಾವು ಅರಿವು ಹೆಸರನ್ನು ಎಲ್ಲೂ ಮುಚ್ಚಿಟ್ಟಿಲ್ಲ ಅಂದರು. 2024ರಲ್ಲಿ ಸಂತೋಷ್ ಅವರೇ ಬಂದು, ಆ ಹಾಡಿನಿಂದ ನಮಗೆ ಯಾರಿಗೂ ಒಂದು ಪೈಸೆ ಸಿಕ್ಕಿಲ್ಲ ಅಂತ ಹೇಳಿದರು.

ಮೂವರಲ್ಲಿ ಯಾರ ಪಾಲು ಎಷ್ಟು ಅಂತ ತೀರ್ಪು ಕೊಡಲು ನಾನು ಯಾರು? ಆದರೆ ಹಾಡಿನ ಕಥೆಯೇ ಬೆವರು ಒಬ್ಬರದ್ದು, ತೋಟ ಇನ್ನೊಬ್ಬರದ್ದು ಅನ್ನುವುದು. ಹಾಡು ಕಟ್ಟಿದವನಿಗೂ ಅದೇ ಆಯಿತಲ್ಲ. ಇದಕ್ಕಿಂತ ಚುಚ್ಚುವುದು ಬೇಕಾ ಅಣ್ಣ ನಿಮಗೆ? 2024ರಲ್ಲಿ ಅವರು ಮಾಡಿದ ಆಲ್ಬಂ ಹೆಸರು ‘ವಳ್ಳಿಯಮ್ಮ ಪೇರಾಂಡಿ’. ವಳ್ಳಿಯಮ್ಮನ ಮೊಮ್ಮಗ. ಈ ಸಲ ಹೆಸರೇ ಮುಂದೆ.

ಶಿಡ್ಲಘಟ್ಟ ಗೂಡು:
ಈ ಕಥೆ ಇಷ್ಟು ವಿವರವಾಗಿ ಗೊತ್ತಿರಲಿಲ್ಲ. ಆದರೂ ನನ್ನ ಪ್ರಶ್ನೆ ಪೂರ್ತಿ ಹೋಗಿಲ್ಲ. ಹೆಸರಿಗಾಗಿ ಜಗಳ ಆಡುವುದು ಕಲಾವಿದರ ಜಗಳ. ಹೋರಾಟದ ಹಾಡಿಗೆ ಹೆಸರು ಯಾಕೆ? ಹಳ್ಳಿಯಲ್ಲಿ ಹಾಡುವಾಗ ಇದನ್ನು ಬರೆದವರು ಇಂಥವರು ಅಂತ ಯಾರೂ ಹೇಳುತ್ತಿರಲಿಲ್ಲ. ಹಾಡು ಎಲ್ಲರದ್ದೂ ಆಗಿತ್ತು. ಗದ್ದರ್ ಅವರ ಎಷ್ಟು ಹಾಡುಗಳನ್ನು ಜನ ತಮ್ಮ ಅಜ್ಜಿಯ ಹಾಡು ಅಂದುಕೊಂಡು ಹಾಡುತ್ತಾರೆ. ಅದೇ ಅಲ್ವಾ ದೊಡ್ಡ ಗೆಲುವು?

ಮುಳಬಾಗಿಲು ಮೇಷ್ಟ್ರು:
ಈ ಮಾತನ್ನು ನಾನೂ ಬಹಳ ಕಾಲ ಹೇಳಿಕೊಂಡು ಬಂದಿದ್ದೇನೆ, ಈಗಲೂ ಅರ್ಧ ಒಪ್ಪುತ್ತೇನೆ. ಚಳವಳಿಯ ಒಳಗೆ ಹೆಸರು ಬಿಟ್ಟುಹೋಗುವುದು ಬೇರೆ. ನಮ್ಮವರೇ ಹಾಡುತ್ತಾರೆ, ನಮ್ಮವರೇ ಕೇಳುತ್ತಾರೆ. ಅದೇ ಹಾಡು ಕ್ಯಾಸೆಟ್ಟಿಗೋ ಸಿನಿಮಾಕ್ಕೋ ಹೋದಾಗ ‘ಸಾಹಿತ್ಯ: ಜಾನಪದ’ ಅಂತ ಹಾಕಿದರೆ ಕಥೆ ಬೇರೆ. ಜಾನಪದ ಅಂದರೆ ಯಾರದ್ದೂ ಅಲ್ಲ, ದುಡ್ಡು ಕೊಡಬೇಕಾಗಿಲ್ಲ, ಕೇಳಬೇಕಾಗಿಯೂ ಇಲ್ಲ. ಬದುಕಿರುವ ಕವಿಯ ಹಾಡಿಗೂ ಹೀಗೆ ಹಾಕಲು ಸಾಧ್ಯ. ಬರೆದವನು ದಲಿತನಾದರೆ ಇನ್ನೂ ಸುಲಭ.

ಕೋರ್ಟ್ ರಸ್ತೆ, ಚಿಕ್ಕಬಳ್ಳಾಪುರ:
ಕಾನೂನಿನ ಮಾತು ಬಂತಲ್ಲ, ಅದಕ್ಕೆ ಬಾಯಿ ಹಾಕುತ್ತೇನೆ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಬರೆದವರು ತೀರಿಕೊಂಡು 60 ವರ್ಷ ಆಗುವವರೆಗೆ ಸಾಹಿತ್ಯದ ಹಕ್ಕು ಇರುತ್ತದೆ. ಹಕ್ಕನ್ನು ಯಾರಿಗಾದರೂ ಮಾರಿದರೂ ‘ಇದನ್ನು ಬರೆದವನು ನಾನು’ ಅಂತ ಹೇಳಿಕೊಳ್ಳುವ ಹಕ್ಕು ಬರೆದವರ ಬಳಿಯೇ ಉಳಿಯುತ್ತದೆ. ಅದು 57ನೇ ಸೆಕ್ಷನ್. 2012ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸಿನಿಮಾ ಹಾಡು, ಆಲ್ಬಂ ಹಾಡು ಬರೆದವರು ರಾಯಲ್ಟಿಯ ಪಾಲನ್ನು ಕಂಪನಿಗೆ ಬರೆದುಕೊಟ್ಟರೂ ಆ ಬರಹ ನಿಲ್ಲುವುದಿಲ್ಲ. ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಮಾತ್ರ ಕೊಡಬಹುದು.

ಪುಸ್ತಕದಲ್ಲಿ ಹೀಗಿದೆ. ನಡೆಯುವುದು ಹೇಗೆ ಅಂತ ಮೇಲೆ ಓದಿದಿರಿ.

ನಿಮ್ಮ ಕಾರ್ಯಕ್ರಮಕ್ಕೆ ಚಿಂತೆ ಬೇಡ. ಹವ್ಯಾಸಿಗಳ ಸಂಘ ದುಡ್ಡು ತೆಗೆದುಕೊಳ್ಳದೆ ಜನರ ಮುಂದೆ ಹಾಡಿದರೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಆದರೆ ಒರಿಜಿನಲ್ ಟ್ರ್ಯಾಕ್ ಹಾಕಿ, ಅದರ ಮೇಲೆ ಹಾಡಿ, ಯೂಟ್ಯೂಬ್‌ಗೆ ಏರಿಸಿದರೆ ಅದು ಬೇರೆ ಲೆಕ್ಕ. ಯಾರೋ ಕನ್ನಡಕ್ಕೆ ಅನುವಾದ ಮಾಡಿ ಹಾಡೋಣ ಅಂದರೆ ಅದಕ್ಕೂ ಒಪ್ಪಿಗೆ ಬೇಕು. ಮೂಲದಲ್ಲೇ ಹಾಡಿ, ನಡುವೆ ಕಥೆಯನ್ನು ಕನ್ನಡದಲ್ಲಿ ಹೇಳಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಚಾಂಪಿಯನ್ ರೀಫ್ಸ್ ತಾತ:
ಮೊಮ್ಮಗಳು ಈ ಚರ್ಚೆ ತೋರಿಸಿದಳು. ನಾನು ಹೇಳುವುದನ್ನು ಅವಳೇ ಟೈಪ್ ಮಾಡುತ್ತಿದ್ದಾಳೆ.

‘ಕ್ಯಾಸ್ಟ್‌ಲೆಸ್’ ಅನ್ನುವ ಹೆಸರು ಆ ಹುಡುಗರಿಗೆ ಎಲ್ಲಿಂದ ಬಂತು ಗೊತ್ತಾ? ತಮಿಳಿನ ದಲಿತ ಚಿಂತಕ ಅಯೋತಿದಾಸ ಪಂಡಿತರಿಂದ. 1845ರಲ್ಲಿ ಹುಟ್ಟಿ 1914ರಲ್ಲಿ ಹೋದವರು. ನಾವು ಹಿಂದೂ ಜಾತಿ ಲೆಕ್ಕದೊಳಗಿನವರೇ ಅಲ್ಲ, ಜಾತಿ ಇಲ್ಲದ ಜನ, ನಮ್ಮ ಹಳೆಯ ಧರ್ಮ ಬೌದ್ಧ ಅಂತ ಹೇಳಿದರು. 1898ರಲ್ಲಿ ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ಅಂಬೇಡ್ಕರ್ ದೀಕ್ಷೆ ತೆಗೆದುಕೊಂಡಿದ್ದು 1956ರಲ್ಲಿ, ಅದಕ್ಕೂ ಐವತ್ತು ವರ್ಷಕ್ಕಿಂತ ಮೊದಲು. 1907ರಲ್ಲಿ ‘ಒರು ಪೈಸಾ ತಮಿಳನ್’ ಅಂತ ಪತ್ರಿಕೆ ತೆಗೆದರು. ಆ ಬೌದ್ಧ ಸಂಘದ ಶಾಖೆ ನಮ್ಮ ಗೋಲ್ಡ್ ಫೀಲ್ಡ್ಸ್‌ನಲ್ಲಿ ಇತ್ತು. ಗಣಿಯಲ್ಲಿ ದುಡಿಯುವವರು ಕಾಸು ಹಾಕಿ ನಡೆಸಿದ್ದು. ಅವರು ತೀರಿಕೊಂಡು ವರ್ಷಗಳಾದ ಮೇಲೆ, 1920ರ ದಶಕದಲ್ಲಿ, ಆ ಪತ್ರಿಕೆಯನ್ನು ಪಂಡಿತ ಜಿ. ಅಪ್ಪಾದುರೈ ಮತ್ತೆ ನಡೆಸಿದ್ದು ಎಲ್ಲಿಂದ? ಇದೇ ಕೆಜಿಎಫ್‌ನಿಂದ.

ಅಂದರೆ ಚೆನ್ನೈ ಹುಡುಗರು ಹಾಡುತ್ತಿರುವ ವಿಚಾರಕ್ಕೆ ಒಂದು ಕಾಲದಲ್ಲಿ ಅನ್ನ ಹಾಕಿದ ಊರು ನಮ್ಮದು, ಈಗಿನ ಕರ್ನಾಟಕದಲ್ಲಿರುವ ಊರು. ಅರಿವು ಹಾಡು ಇಲ್ಲಿ ಹೊರಗಿನದ್ದಲ್ಲ. ಅದು ವಾಪಸ್ ಬರುತ್ತಿದೆ. ‘ತಮಿಳು ಯಾಕೆ’ ಅಂದವರಿಗೆ ನನಗೆ ಕೋಪ ಇಲ್ಲ. ಈ ಚರಿತ್ರೆ ಅವರಿಗೆ ಶಾಲೆಯಲ್ಲಿ ಯಾರೂ ಹೇಳಿಲ್ಲ. ನಮ್ಮ ಮಕ್ಕಳಿಗೂ ಹೇಳಿಲ್ಲ.

ಗೌರಿಬಿದನೂರು 561:
ತಾತ, ನಮಸ್ಕಾರ. ಇದು ನಿಜವಾಗಿಯೂ ಹೊಸ ವಿಷಯ ನನಗೆ. ಈ ಕಥೆಯನ್ನು ವೇದಿಕೆಯಲ್ಲಿ ಕನ್ನಡದಲ್ಲಿ ಹೇಳಿ, ಆಮೇಲೆ ಹಾಡಿದರೆ ನನ್ನ ತಕರಾರಿಲ್ಲ. ಕಥೆ ಹೇಳದೆ ಸುಮ್ನೆ ಹಿಟ್ ಸಾಂಗ್ ಅಂತ ಹಾಡಿದರೆ ಈಗಲೂ ತಕರಾರಿದೆ.

ಸುಳ್ಯದ ಸೊಸೆ, ಮಾಲೂರಿನ ಮಗಳು:
ಟೀ ತೋಟದ ವಿಷಯಕ್ಕೆ ಒಂದು ಸೇರಿಸುತ್ತೇನೆ. ಶ್ರೀಲಂಕಾ ಜೊತೆಗಿನ 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಲ್ಲಿ ಅಲ್ಲಿದ್ದ ಭಾರತ ಮೂಲದ 5.25 ಲಕ್ಷ ಜನರನ್ನು ಭಾರತ ವಾಪಸ್ ತೆಗೆದುಕೊಳ್ಳಲು ಒಪ್ಪಿತು. ಹಾಗೆ ಬಂದವರಲ್ಲಿ ಕೆಲವರು ನಮ್ಮ ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಬಂದರು. ಈಗಲೂ ಬೆಳಗ್ಗೆ ಎದ್ದು ರಬ್ಬರ್ ಹಾಲು ಇಳಿಸುತ್ತಾರೆ. ಕರ್ನಾಟಕದಲ್ಲೇ ವಳ್ಳಿಯಮ್ಮನಂಥ ಅಜ್ಜಿಯರು ಇದ್ದಾರೆ. ಅವರ ಮೊಮ್ಮಕ್ಕಳು ಕನ್ನಡ ಶಾಲೆಗೆ ಹೋಗುತ್ತಾರೆ. ಆ ಹಾಡು ತಮಿಳುನಾಡಿನ ಕಥೆ ಮಾತ್ರ ಅಂದುಕೊಳ್ಳಬೇಡಿ.

ತುಮಕೂರು ಕ್ಯಾತ್ಸಂದ್ರ:
ನನಗೆ ಬೇರೆಯೇ ಒಂದು ಕಡೆ ಗಂಟಲಲ್ಲಿ ಸಿಕ್ಕಿಕೊಂಡಿದೆ. ನಾವು ಮಾತಾಡುತ್ತಿರುವುದೆಲ್ಲ ಹೊರಗಿನವರು ನಮಗೆ ಮಾಡಿದ್ದರ ಬಗ್ಗೆ. ಒಳಗಿನದ್ದು? ನಮ್ಮ ತುಮಕೂರಿನ ಕೆ.ಬಿ. ಸಿದ್ದಯ್ಯ ಮೇಷ್ಟ್ರು 2019ರಲ್ಲಿ ಹೋದರು. ‘ದಕ್ಲಕಥಾದೇವಿ’, ‘ಬಕಾಲ’, ‘ಅನಾತ್ಮ’, ‘ಗಲ್ಲೇಬಾನಿ’ ಅಂತ ಖಂಡಕಾವ್ಯ ಬರೆದವರು. ದಕ್ಕಲರ ಲೋಕವನ್ನು ಕಾವ್ಯಕ್ಕೆ ತಂದರು. ದಲಿತರೊಳಗೇ ಇನ್ನೂ ಕೆಳಗೆ ತಳ್ಳಿಸಿಕೊಂಡವರು ಅವರು. ಮಾದಿಗರ ಕೇರಿಯಲ್ಲೂ ದಕ್ಕಲರಿಗೆ ಒಳಗೆ ಜಾಗ ಇರಲಿಲ್ಲ. ಆ ಕಾವ್ಯ ಲಕ್ಷ್ಮಣ್ ಕೆ.ಪಿ. ಅವರ ನಿರ್ದೇಶನದಲ್ಲಿ ನಾಟಕವಾಯಿತು. ಅರೆ ವಾದ್ಯ, ತಮಟೆ ಹಿಡಿದು ಹಾಡಿಕೊಂಡೇ ಸಾಗುವ ನಾಟಕ. ನೋಡಿ ಬಂದ ಮೇಲೆ ನನಗೆ ‘ನಾವು’ ಅನ್ನುವಾಗ ಸ್ವಲ್ಪ ನಾಲಗೆ ತಡೆಯುತ್ತದೆ.

ಹಾಗಾಗಿ ಬೇತಮಂಗಲದ ತಮ್ಮನಿಗೆ ನನ್ನ ಪ್ರಶ್ನೆ. ತಮಿಳಾ ಕನ್ನಡವಾ ಅನ್ನುವುದು ಆಮೇಲೆ. ಅಂದು ತಮಟೆ ಬಾರಿಸಲು ಯಾರನ್ನು ಕರೆದಿದ್ದೀರಿ? ಅವರಿಗೆ ದುಡ್ಡು ಎಷ್ಟು?

ಬೇತಮಂಗಲದ ಹುಡುಗ:
ಅಣ್ಣ, ಸೌಂಡ್ ಸಿಸ್ಟಂ, ಶಾಮಿಯಾನ, ಕುರ್ಚಿ ಎಲ್ಲಕ್ಕೂ ಚಂದಾ ಎತ್ತಿದ್ದೇವೆ. ತಮಟೆಯವರು ನಮ್ಮ ಪಕ್ಕದ ಹಳ್ಳಿಯವರೇ. ‘ನಮ್ಮವರೇ ಅಲ್ವಾ, ಊಟ ಹಾಕಿ ಒಂದು ಶಾಲು ಹೊದಿಸಿದರೆ ಸಾಕು’ ಅಂತ ಹಿರಿಯರು ಅಂದಿದ್ದಾರೆ.

ತುಮಕೂರು ಕ್ಯಾತ್ಸಂದ್ರ:
ನೋಡಿ, ಇದೇ. ಸೌಂಡ್ ಸಿಸ್ಟಂನವನಿಗೆ ಶಾಲು ಹೊದಿಸಿ ಕಳಿಸುತ್ತೀರಾ?

ಶಿಡ್ಲಘಟ್ಟ ಗೂಡು:
ಹ್ಹಹ್ಹ, ಕ್ಯಾತ್ಸಂದ್ರದವರಿಗೆ ನನ್ನ ಕಡೆಯಿಂದ ಒಂದು ಟೀ. ನಾನು ಬಂದಾಗಿನಿಂದ ಹೇಳಬೇಕು ಅಂದುಕೊಂಡದ್ದು ಇದೇ. ‘ನಮ್ಮವರೇ’ ಅನ್ನುವ ಮಾತಿನಲ್ಲಿ ಎಷ್ಟು ಜನರ ಕೂಲಿ ಮುಳುಗಿದೆಯೋ. ಒಂದು ದಿನ ಕೂಲಿ ಬಿಟ್ಟು ಬರುತ್ತಾರೆ ಅವರು. ಕಡೇ ಪಕ್ಷ ಅಷ್ಟಾದರೂ ಕೊಡಿ, ಅದಕ್ಕಿಂತ ಜಾಸ್ತಿ ಕೊಟ್ಟರೆ ಇನ್ನೂ ಒಳ್ಳೆಯದು. ಪೋಸ್ಟರಿನಲ್ಲಿ ಹೆಸರು ಹಾಕಿ. ‘ತಮಟೆ ತಂಡ’ ಅಂತ ಅಲ್ಲ, ಒಬ್ಬೊಬ್ಬರ ಹೆಸರು.

ಮುಳಬಾಗಿಲು ಮೇಷ್ಟ್ರು:
ಹೋರಾಟದ ಹಾಡಿಗೆ ಹೆಸರು ಯಾಕೆ ಅಂದವರು ನೀವೇ ಅಲ್ಲವೇ ಸ್ವಾಮಿ?

ಶಿಡ್ಲಘಟ್ಟ ಗೂಡು:
ಬಾರಿಸುವವರ ಹೆಸರು ಬೇಕು ಅಂದೆ ಮೇಷ್ಟ್ರೇ, ಬರೆದವರದ್ದು ಬೇಡ ಅಂದಿದ್ದು. ಬರೆದವರ ಹೆಸರು ಹೇಗೂ ಪುಸ್ತಕದಲ್ಲಿ ಉಳಿಯುತ್ತದೆ. ಬಾರಿಸಿದವರದ್ದು ಎಲ್ಲೂ ಇರುವುದಿಲ್ಲ. ನನ್ನ ವಾದದಲ್ಲಿ ಲೋಪ ಇದ್ದರೂ ಇರಲಿ ಬಿಡಿ.

ಮಾರಿಕುಪ್ಪಂ ಪ್ಯಾಸೆಂಜರ್:
ಎರಡೂ ಹಾಕಲಿ, ಪೋಸ್ಟರಿಗೆ ಇಂಕಿನ ಬರ ಇದೆಯಾ? ಪ್ರತಿ ಹಾಡಿಗೆ ಮೊದಲು ನಿರೂಪಕರು ಬರೆದವರ ಹೆಸರು ಹೇಳಲಿ. ಗೊತ್ತಿಲ್ಲದಿದ್ದರೆ ‘ಜಾನಪದ’ ಅಂತ ತೇಲಿಸಬೇಡಿ, ‘ಬರೆದವರು ಯಾರೆಂದು ತಿಳಿದವರು ಹೇಳಿ’ ಅಂತ ಸಭೆಗೇ ಕೇಳಿ. ಬಂಗಾರಪೇಟೆಯ ಸಭೆಯಲ್ಲಿ ಹಳೇ ಕಾರ್ಯಕರ್ತರು ಇದ್ದೇ ಇರುತ್ತಾರೆ, ಯಾರಾದರೂ ಎದ್ದು ಹೇಳುತ್ತಾರೆ.

ಇನ್ನೊಂದು. ಆ ಹುಡುಗಿಗೆ ಟ್ರ್ಯಾಕ್ ಕೊಡಬೇಡಿ. ತಮಟೆಯ ಮೇಲೆ ಹಾಡಲಿ. ಪರೈ ಬಾರಿಸುವ ಗತ್ತು ನಮ್ಮ ತಮಟೆಯವರ ಕೈಗೆ ಒಂದೆರಡು ಸಲ ಕೇಳಿದರೆ ಕೂತುಬಿಡುತ್ತದೆ.

ಬೇತಮಂಗಲದ ಹುಡುಗ:
ನಿನ್ನೆ ಸಂಜೆ ಎಲ್ಲರೂ ಕೂತು ಮಾತಾಡಿದೆವು. ತೀರ್ಮಾನ ಹೀಗಾಗಿದೆ. ಅರಿವು ಹಾಡು ಇದೆ. ಅದಕ್ಕೆ ಮೊದಲು ಕೆಜಿಎಫ್‌ನ ಬೌದ್ಧ ಸಂಘದ ಕಥೆಯನ್ನು ಅದೇ ಹುಡುಗಿ ಕನ್ನಡದಲ್ಲಿ ಹೇಳುತ್ತಾಳೆ. ತಾತ, ನೀವು ಬಂದು ಹೇಳಿದರೆ ಇನ್ನೂ ಚೆಂದ, ಕರೆದುಕೊಂಡು ಬರಲು ಗಾಡಿ ಕಳಿಸುತ್ತೇವೆ. ಬರೆದವರ ಹೆಸರು, ಬಾರಿಸುವವರ ಹೆಸರು ಎರಡೂ ಪೋಸ್ಟರಿಗೆ ಹೋಗುತ್ತವೆ. ತಮಟೆಯವರ ದುಡ್ಡಿನ ವಿಷಯದಲ್ಲಿ ಹಿರಿಯರೊಬ್ಬರು ಮುನಿಸಿಕೊಂಡು ಎದ್ದು ಹೋದರು. ಕೊಡುವುದಂತೂ ಖಚಿತ. ಕುರ್ಚಿ ಕಡಿಮೆ ಮಾಡಿ ಜಮಖಾನ ಹಾಸುತ್ತೇವೆ.

ಒಂದು ವಿಷಯ ಮಾತ್ರ ಬಗೆಹರಿದಿಲ್ಲ. ಕೊನೆಯ ಹಾಡು ಯಾವುದು? ಕೆಲವರು ಸಿದ್ದಲಿಂಗಯ್ಯನವರದ್ದೇ ಅನ್ನುತ್ತಾರೆ, ಕೆಲವರು ಗದ್ದರ್ ಅನ್ನುತ್ತಾರೆ.

ಗೌರಿಬಿದನೂರು 561:
ಕೊನೆಯದ್ದು ಕನ್ನಡದ್ದೇ ಆಗಲಿ. ಇದರಲ್ಲಿ ನಾನು ಬಗ್ಗಲ್ಲ.

ಶಿಡ್ಲಘಟ್ಟ ಗೂಡು:
ಕೊನೆಯದ್ದು ತಮಟೆ ಮಾತ್ರ. ಹಾಡೂ ಬೇಡ, ಭಾಷೆಯೂ ಬೇಡ. ಅಂದಹಾಗೆ ತಮಟೆ ಕಾಯಿಸಲು ಬೆಂಕಿ ಹಾಕುವ ಜಾಗ ಈಗಲೇ ಕೇಳಿಟ್ಟುಕೊಳ್ಳಿ. ಒಂದು ಕಡೆ ಸಭಾಂಗಣದವರು ಕೊನೇ ಗಳಿಗೆಯಲ್ಲಿ ಬೆಂಕಿ ಹಾಕಬಾರದು ಅಂದು, ನಮ್ಮವರು ಸಡಿಲವಾದ ಚರ್ಮದಲ್ಲೇ ಬಾರಿಸಬೇಕಾಯಿತು.

ಬೇತಮಂಗಲದ ಹುಡುಗ:
ಬಯಲಿನಲ್ಲೇ ಇದೆ ಅಣ್ಣ, ವೇದಿಕೆಯ ಹಿಂದೆ ಜಾಗ ಬಿಡಿಸುತ್ತೇನೆ. ಹುಲ್ಲು ಯಾರಾದರೂ ತರುತ್ತೀರಾ?

ಮುಳಬಾಗಿಲು ಮೇಷ್ಟ್ರು:
ನನ್ನ ತಮ್ಮನ ಮನೆಯಲ್ಲಿ ರಾಗಿ ಹುಲ್ಲಿದೆ. ಎರಡು ಹೊರೆ ಹಾಕಿಸುತ್ತೇನೆ. ಆದರೆ ಕೊನೆಯ ಹಾಡಿನ ವಿಷಯದಲ್ಲಿ ಗೌರಿಬಿದನೂರಿನವರ ಪರ ನಾನು, ಇದನ್ನೂ ಬರೆದುಕೊಳ್ಳಿ.